ಪಿತೂರಿಗೂ ಪುರುಸೊತ್ತು ಬೇಕು

ಓದುಗರ ಪತ್ರ: ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಮುಗಿಸಿ ಊರಿಗೆ ಬಂದಿದ್ದಾನೆ. ತೋಟದ ಕೆಲಸಕ್ಕೆ ಹಿಂದೆ ಬೀಳುವವನಲ್ಲ. ಆದರೆ ಬಾಯಿ ತೆರೆದರೆ ದುಡ್ಡೂ ಸರ್ಕಾರವೂ ಇಲ್ಲದ, ಕಂಪ್ಯೂಟರೇ ಎಲ್ಲವನ್ನೂ ಹಂಚುವ ವೃತ್ತಾಕಾರದ ನಗರದ ಮಾತು. ಜಗತ್ತನ್ನು ನಾಲ್ಕು ಬ್ಯಾಂಕ್ ಮನೆತನಗಳು ನಡೆಸುತ್ತವಂತೆ. ಮಂಗನ ಕಾಯಿಲೆಯನ್ನು ಅಮೆರಿಕದವರು ತಯಾರಿಸಿ ನಮ್ಮ ಕಾಡಿಗೆ ಬಿಟ್ಟರಂತೆ. ಮೊನ್ನೆ ದರಕಿಗೆ (ಒಣ ತರಗೆಲೆ ತರಲು) ಕಾಡಿಗೆ ಹೋಗುವ ಹೆಂಗಸರ ಹತ್ತಿರ, ಆಶಾ ಕಾರ್ಯಕರ್ತೆ ಕೊಟ್ಟ ಎಣ್ಣೆ ಹಚ್ಚಿಕೊಳ್ಳಬೇಡಿ ಎಂದನಂತೆ. ಭಾವ ಮಾತು ಬಿಟ್ಟಿದ್ದಾರೆ, ಅಕ್ಕ ಅಳುತ್ತಾಳೆ. ನನ್ನ ಮಾತನ್ನು ಸ್ವಲ್ಪ ಕೇಳುತ್ತಾನೆ. ಏನು ಹೇಳಲಿ?
— ಒಬ್ಬ ಸೋದರಮಾವ, ಶಿರಸಿ ತಾಲೂಕು

ಸಂಪಾದಕರ ಉತ್ತರ:

ಮೊದಲು ಎಣ್ಣೆಯ ವಿಷಯ ಮುಗಿಸಿ, ಅದು ಕಾಯುವಂಥದ್ದಲ್ಲ. ಕಾಡು ಒಣಗಿದ ಮೇಲೆ, ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ತನಕ, ತರಗೆಲೆಯ ನಡುವೆ ಸಣ್ಣ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ತುಂಬಿರುತ್ತದೆ. ಕಾಯಿಲೆ ಬರುವುದು ಅದರ ಕಡಿತದಿಂದ, ಎಣ್ಣೆ ಕೊಡುವುದು ಅದು ಮೈಗೆ ಹತ್ತದಿರಲೆಂದು. ತೋಟದವರ ಮನೆಯ ಓದಿದ ಹುಡುಗ ಹೇಳಿದ ಮಾತನ್ನು ಆ ಹೆಂಗಸರು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು. ಅವನ ನಂಬಿಕೆ ಅವನದು, ಕಾಡಿಗೆ ಹೋಗುವ ಮೈ ಅವರದು. ದನಿ ಎತ್ತದೆ ಇಷ್ಟನ್ನೇ ಹೇಳಿ. ಅವನೇ ಹೋಗಿ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಬರಲಿ. ಉಳಿದದ್ದಕ್ಕೆ ಬೇಕಾದಷ್ಟು ಸಮಯವಿದೆ.

ಇನ್ನು ಅಮೆರಿಕದ ಮಾತು. ಇದನ್ನು ನಕ್ಕು ಹಾರಿಸಿದರೆ ನೀವು ಸೋತಿರಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನರಿಗೂ ಜ್ವರ ಬಂತು. ಪರೀಕ್ಷೆಗೆ ಬಂದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಆ ಕೇಂದ್ರ 1952ರಲ್ಲಿ ಶುರುವಾದದ್ದೇ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ. ಸಿಕ್ಕ ವೈರಸ್ಸು ರಷ್ಯಾ ಕಡೆಯ ಮಿದುಳುಜ್ವರದ ವೈರಸ್ಸಿನ ನೆಂಟ. ಹಾಗಾದರೆ ಸೈಬೀರಿಯಾದಿಂದ ಹಕ್ಕಿಗಳು ತಂದವೇ ಎಂಬ ಪ್ರಶ್ನೆ ಎದ್ದಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವಲಸೆಯ ಜಾಡು ಹಿಡಿಯಹೊರಟರು. ಆ ಕೆಲಸಕ್ಕೆ ಬಂದ ಹಣದಲ್ಲಿ ಅಮೆರಿಕದ ಸೇನೆಯದೂ ಇತ್ತು! ಎಪ್ಪತ್ತರ ದಶಕದಲ್ಲಿ ಪತ್ರಿಕೆಗಳು ಗದ್ದಲ ಎಬ್ಬಿಸಿದವು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೇ ಇಂಥ ವಿದೇಶಿ ಸಹಯೋಗಗಳ ಬಗ್ಗೆ ಕಟುವಾದ ವರದಿ ಕೊಟ್ಟಿತು.

ಇದನ್ನೆಲ್ಲ ನೀವೇ ಮೊದಲು ಹೇಳಿಬಿಡಿ. ಮಾಣಿಗೆ ಇದರಲ್ಲಿ ಅರ್ಧ ಗೊತ್ತಿರಲಿಕ್ಕಿಲ್ಲ. ಆಮೇಲೆ ಕೇಳಿ: 1957ರಲ್ಲಿ ವೈರಸ್ ತಯಾರಿಸಿದ್ದು ಹೇಗೆ? ಡಿಎನ್‌ಎ ರಚನೆ ಗೊತ್ತಾಗಿ ಆಗಿನ್ನೂ ನಾಲ್ಕು ವರ್ಷ. ಜೀನ್ ಕತ್ತರಿಸಿ ಜೋಡಿಸುವ ವಿದ್ಯೆ ಬಂದದ್ದು ಎಪ್ಪತ್ತರ ದಶಕದಲ್ಲಿ. ತಯಾರಿಸದಿದ್ದರೆ ತಂದು ಬಿಟ್ಟಿರಬಹುದಲ್ಲ ಎಂದಾನು, ಬುದ್ಧಿವಂತನಿದ್ದಾನೆ. ಆದರೆ ಇದು ರಷ್ಯಾದ ಆ ವೈರಸ್ಸೇ ಅಲ್ಲ. ಇದರ ತೀರ ಹತ್ತಿರದ ಸಂಬಂಧಿ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ, ಸೌದಿ ಅರೇಬಿಯಾದಲ್ಲಿ. ಇವೆರಡೂ ಕವಲೊಡೆದು ನೂರಾರು ವರ್ಷಗಳಾಗಿರಬಹುದು ಎಂದು ಲೆಕ್ಕ ಹಾಕಿದ ಜೀನ್ ಅಧ್ಯಯನವೂ ಇದೆ. ಹಕ್ಕಿಗಳಿಗೆ ಉಂಗುರ ತೊಡಿಸಲು ಹೊರಟದ್ದಂತೂ ರೋಗ ಕಾಣಿಸಿಕೊಂಡ ಮೇಲೆ. ಸೇನೆ ದುಡ್ಡು ಕೊಟ್ಟಿತು ಎಂಬಲ್ಲಿಂದ ಸೇನೆ ರೋಗ ಬಿಟ್ಟಿತು ಎಂಬಲ್ಲಿಗೆ ಹೋಗಬೇಕಾದರೆ ನಡುವೆ ಸಾಕ್ಷಿ ಬೇಕು. ಆ ಜಾಗದಲ್ಲಿ ಅವನ ಹತ್ತಿರ ಸಿಟ್ಟು ಮಾತ್ರ ಇದೆ.

ಸಿಟ್ಟಿಗೆ ಕಾರಣ ಬೇಕಿದ್ದರೆ ಬೇರೆಯೇ ಇದೆ. ರೋಗ ಪತ್ತೆಯಾಗಿ ಆರು ದಶಕ ಕಳೆದಿದೆ. ಕೊಡುತ್ತಿದ್ದ ಲಸಿಕೆ ಪರಿಣಾಮ ಸಾಲದೆಂದು ನಿಂತುಹೋಯಿತು. 2024ರಲ್ಲೂ ಸಿದ್ದಾಪುರದ ಕಡೆ ಜನ ಸತ್ತರು. ಕಾಡಂಚಿನ ಕೂಲಿಯವರಿಗೆ, ಸಣ್ಣ ರೈತರಿಗೆ ಬರುವ ರೋಗ ಇದು, ಔಷಧ ಕಂಪನಿಗಳಿಗೆ ಇದರಲ್ಲಿ ಲಾಭವಿಲ್ಲ. ಪಿತೂರಿ ಮಾಡಬೇಕಿದ್ದರೆ ಯಾರಾದರೂ ಕೂತು ಈ ಜನರ ಬಗ್ಗೆ ಯೋಚಿಸಬೇಕಿತ್ತು. ಅಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ ಎನ್ನುವುದೇ ನನ್ನ ದೂರು.

ಬ್ಯಾಂಕ್ ಮನೆತನಗಳ ಕತೆಗೆ ಹೆಚ್ಚು ಜಾಗ ಕೊಡಲಾರೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಯಹೂದಿಗಳ ಮೇಲೆ ದ್ವೇಷ ಹುಟ್ಟಿಸಲು ಹಬ್ಬಿಸಿದ ಕತೆ ಅದು. ಮುಂದೆ ಹಿಟ್ಲರನ ಕೈಯಲ್ಲಿ ಅದು ಎಲ್ಲಿಗೆ ಮುಟ್ಟಿತು ಎಂದು ಓದಿಕೊಳ್ಳಲು ಹೇಳಿ.

ನಗರದ ಕನಸಿನ ಬಗ್ಗೆ ನನಗೆ ಅಷ್ಟು ತಕರಾರಿಲ್ಲ. ಅವನು ಹೇಳುತ್ತಿರುವುದು ಬಹುಶಃ ಜಾಕ್ ಫ್ರೆಸ್ಕೊನ ನಗರ. 1916ರಲ್ಲಿ ಹುಟ್ಟಿದ ಈ ಅಮೆರಿಕನ್, 1929ರ ಆರ್ಥಿಕ ಕುಸಿತವನ್ನು ಹದಿಹರೆಯದಲ್ಲಿ ಕಂಡವನು. ಅಂಗಡಿಯಲ್ಲಿ ಸಾಮಾನಿದೆ, ಕಾರ್ಖಾನೆಯಿದೆ, ದುಡಿಯುವ ಕೈಗಳಿವೆ, ಜನರ ಕಿಸೆಯಲ್ಲಿ ದುಡ್ಡಿಲ್ಲವೆಂದು ಎಲ್ಲವೂ ನಿಂತಿದೆ, ಇದೆಂಥ ವ್ಯವಸ್ಥೆ ಎಂದು ಕೇಳಿದ. ಪ್ರಶ್ನೆ ಇವತ್ತಿಗೂ ಒಳ್ಳೆಯದೇ. ಉತ್ತರವಾಗಿ ಫ್ಲಾರಿಡಾದ ವೀನಸ್ ಎಂಬಲ್ಲಿ 21 ಎಕರೆ ಜಾಗದಲ್ಲಿ ಗುಮ್ಮಟದ ಮನೆಗಳನ್ನು ಕಟ್ಟಿ, ನಗರದ ಮಾದರಿಗಳನ್ನು ಮಾಡಿಟ್ಟು, 2017ರಲ್ಲಿ ತೀರಿಕೊಂಡ. ನಗರ ಏಳಲಿಲ್ಲ.

ನಿಮ್ಮ ಅಳಿಯನಿಗೆ ಈ ಎರಡು ಹುಚ್ಚು ಒಟ್ಟಿಗೇ ಹಿಡಿದದ್ದು ನನಗೆ ಆಶ್ಚರ್ಯವಲ್ಲ. ಪಿತೂರಿಯ ಕತೆಯಲ್ಲಿ ಕೆಟ್ಟದ್ದೆಲ್ಲ ಯಾರೋ ಗೆರೆ ಹಾಕಿದಂತೆ ನಡೆಯುತ್ತದೆ, ಕನಸಿನ ನಗರದಲ್ಲಿ ಒಳ್ಳೆಯದೆಲ್ಲ ಯಾರೋ ಗೆರೆ ಹಾಕಿದಂತೆ ನಡೆಯುತ್ತದೆ. ಮರೆವು, ಉದಾಸೀನ, ಹೊಟ್ಟೆಕಿಚ್ಚು, ಪಕ್ಕದ ಮನೆಯವನ ಹಟ ಎರಡರಲ್ಲೂ ಇಲ್ಲ.

ಅವನಿಗೆ ನಿಮ್ಮ ಸೊಪ್ಪಿನ ಬೆಟ್ಟವನ್ನೇ, ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡನ್ನೇ, ತೋರಿಸಿ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂದು ಬ್ರಿಟಿಷರ ಕಾಲದಲ್ಲೇ ಲೆಕ್ಕವಾಗಿತ್ತು. ನೆಲ ಸರ್ಕಾರದ್ದು, ಸೊಪ್ಪು ದರಕು ತೋಟದವರದು. ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಅಗತ್ಯಕ್ಕೆ ತಕ್ಕ ಹಂಚಿಕೆ. ಫ್ರೆಸ್ಕೊ ಕೇಳಿದ್ದೂ ಸುಮಾರಾಗಿ ಇದನ್ನೇ. ಇಲ್ಲಿ ದುಡ್ಡಿನ ಮಾತೇ ಇಲ್ಲ, ಆದರೂ ಬೆಟ್ಟದ ಗಡಿಯ ಜಗಳದಲ್ಲಿ ಎಷ್ಟು ಅಣ್ಣತಮ್ಮಂದಿರು ಮಾತು ಬಿಟ್ಟಿಲ್ಲ! ತೋಟವೇ ಇಲ್ಲದವನಿಗೆ ಬೆಟ್ಟ ಯಾಕಿಲ್ಲ ಎಂದು ಯಾವ ಕಂಪ್ಯೂಟರೂ ತಾನಾಗಿ ಕೇಳುವುದಿಲ್ಲ. ಯಾರಾದರೂ ಎದ್ದು ನಿಂತು ಕೇಳಬೇಕು.

1923ರಲ್ಲಿ ಶಿರಸಿಯ ಅಡಿಕೆ ಬೆಳೆಗಾರರು ಒಟ್ಟಾಗಿ ಟಿಎಸ್‌ಎಸ್ ಎಂಬ ಸಹಕಾರಿ ಮಾರಾಟ ಸಂಘ ಕಟ್ಟಿದಾಗ ಅದೂ ಕನಸೇ. ಆದರೆ ಅದಕ್ಕೊಂದು ಲೆಕ್ಕದ ಪುಸ್ತಕ, ಚುನಾವಣೆ, ಕೂಗಾಡಲು ವಾರ್ಷಿಕ ಸಭೆ ಎಲ್ಲ ಇತ್ತು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಕಾಡಿನಲ್ಲಿ ಕಡಿಯಲು ಬಿಡದೆ ಮರ ಅಪ್ಪಿಕೊಂಡವರೂ ಸಂಶಯದವರೇ. ಅರಣ್ಯ ಇಲಾಖೆ ಹೇಳುವ ಲೆಕ್ಕಕ್ಕಿಂತ ಹೆಚ್ಚು ಕಾಡು ಹಾಳಾಗುತ್ತಿದೆ ಎಂಬುದು ಅವರ ದೂರು. ಬಂದು ನೋಡಿ ಎಂದರು. ಹೋಗಿ ನೋಡಬಹುದಾದ ದೂರು ಅದು. ಪಾಂಡುರಂಗ ಹೆಗಡೆ ಮತ್ತು ಜತೆಗಾರರ ಅಪ್ಪಿಕೊ ಚಳವಳಿ ಬೆಳೆದದ್ದು ಅಲ್ಲಿಂದ.

ಸಂಶಯವೇ ತಪ್ಪೆಂದು ಈ ಜಿಲ್ಲೆಯಲ್ಲಿ ಕೂತು ಹೇಳಲು ನನ್ನಿಂದಾಗದು. ಸೂಪಾ ಅಣೆಕಟ್ಟು, ಕಾರವಾರದ ಸೀಬರ್ಡ್ ನೌಕಾನೆಲೆ, ಹೀಗೆ ದೇಶದ ಒಳ್ಳೆಯದಕ್ಕೆಂದು ಮನೆ ಬಿಟ್ಟೆದ್ದವರು ನಮ್ಮ ನಡುವೆಯೇ ಇದ್ದಾರೆ. ದೊಡ್ಡವರ ಮಾತನ್ನು ಹುಡುಗ ಸುಮ್ಮನೆ ನಂಬುವುದಿಲ್ಲ ಎಂಬುದು ನನಗಂತೂ ಸಮಾಧಾನದ ವಿಷಯ.

ಭಾವನವರಿಗೆ ಹೇಳಿ, ಫೋನ್ ಕಸಿದುಕೊಳ್ಳುವುದು ಬೇಡ, ಮಾತು ಬಿಡುವುದಂತೂ ಬೇಡ. ಸತ್ತ ಮಂಗ ಕಂಡರೆ ಮುಟ್ಟದೆ ತಕ್ಷಣ ಆರೋಗ್ಯ ಇಲಾಖೆಗೆ ತಿಳಿಸುವುದು ಈ ರೋಗದಲ್ಲಿ ಮೊದಲ ಎಚ್ಚರ. ಕಾಡಿನ ದಾರಿ ಬಲ್ಲ, ಫೋನ್ ಬಲ್ಲ ಹುಡುಗನಿಗೆ ಆಶಾ ಕಾರ್ಯಕರ್ತೆಯ ಜತೆ ಬೇಕಾದಷ್ಟು ಕೆಲಸವಿದೆ. ಹೋಗುವಾಗ ಎಣ್ಣೆ ಹಚ್ಚಿಕೊಂಡೇ ಹೋಗಲಿ.

ಹಾಗೆಯೇ ನಮಗೆ ಬರೆಯಲು ಹೇಳಿ. ಮಂಗನ ಕಾಯಿಲೆಯ ಬಗ್ಗೆ ಅವನ ವಾದಕ್ಕೆ ಎರಡು ಪುಟ ಕೊಡುತ್ತೇವೆ. ಷರತ್ತು ಒಂದೇ: ಯಾವ ಸಾಕ್ಷಿ ಸಿಕ್ಕರೆ ತಾನು ಈ ವಾದ ಬಿಡುತ್ತೇನೆ ಎಂಬುದನ್ನು ಮೊದಲ ಪ್ಯಾರಾದಲ್ಲೇ ಬರೆದಿರಬೇಕು.