ಕ್ಯಾಡ್ ಪ್ರಶ್ನೋತ್ತರ: ಆಟೋಕ್ಯಾಡ್‌ನ ಮೊದಲ ಪಾಠಗಳು

ಈ ಸಲ ಆಯ್ದುಕೊಂಡ ಪ್ರಶ್ನೆಗಳೆಲ್ಲ ಕಂಪ್ಯೂಟರಿನಲ್ಲಿ ನಕ್ಷೆ ಎಳೆಯುವ ತಂತ್ರಾಂಶವಾದ ಆಟೋಕ್ಯಾಡ್ ಹೊಸದಾಗಿ ಕಲಿಯುತ್ತಿರುವವರದ್ದು. ಕಮಾಂಡ್‌ಗಳ ಅಕ್ಷರಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇವೆ. ಒತ್ತಬೇಕಾದದ್ದು ಇಂಗ್ಲಿಷ್ ಕೀಗಳನ್ನೇ.

ಪ್ರಶ್ನೆ: ಕ್ಲಾಸಿನಲ್ಲಿ ಉದ್ದದ ಕಮಾಂಡ್ ಪಟ್ಟಿ ಬಾಯಿಪಾಠ ಮಾಡಿಸಿದ್ದಾರೆ. ಆದರೆ 30×40 ಅಡಿಯ ಸೈಟಿಗೆ ಒಂದು ಪ್ಲಾನ್ ಎಳೆಯಲು ಕೂತರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುತ್ತಿಲ್ಲ. (ಡಿಪ್ಲೊಮಾ ಸಿವಿಲ್ ವಿದ್ಯಾರ್ಥಿನಿ, ಹಾಸನ)

ಉತ್ತರ: ಬಾಯಿಪಾಠ ಬಿಡಿ. ಪರದೆಯ ಕೆಳಗಿನ ಕಮಾಂಡ್ ಲೈನ್ ಪ್ರತಿ ಹೆಜ್ಜೆಗೂ ಮುಂದೇನು ಬೇಕು ಎಂದು ಕೇಳುತ್ತಲೇ ಇರುತ್ತದೆ. ಅದನ್ನು ಓದದೆ ಕ್ಲಿಕ್ ಮಾಡುವುದೇ ಹೊಸಬರ ಮುಕ್ಕಾಲು ಪಾಲು ತೊಂದರೆಗೆ ಕಾರಣ. ಆ ಸಾಲು ಕಾಣದಿದ್ದರೆ ಕಂಟ್ರೋಲ್ ಹಿಡಿದು 9 ಒತ್ತಿ.

ಮೊದಲು ಅಳತೆ. ಯುಎನ್ ಎಂಟರ್ ಕೊಟ್ಟು ಟೈಪ್‌ನಲ್ಲಿ ಆರ್ಕಿಟೆಕ್ಚರಲ್, ಇನ್ಸರ್ಷನ್ ಸ್ಕೇಲ್‌ನಲ್ಲಿ ಇಂಚಸ್ ಆರಿಸಿ. ಇನ್ನು ಒಂದು ಯೂನಿಟ್ ಎಂದರೆ ಒಂದು ಇಂಚು. ಡೆಸಿಮಲ್‌ನಲ್ಲೇ ಬಿಟ್ಟರೆ ಅಡಿಯ ಗುರುತು ಹಾಕಿದ ಅಳತೆಯನ್ನು ಅದು ಒಪ್ಪುವುದಿಲ್ಲ.

ಆರ್‌ಇಸಿ ಎಂಟರ್, 0,0 ಎಂಟರ್, @30',40' ಎಂಟರ್. ಸೈಟು ಬಂತು. ಏನೂ ಕಾಣದಿದ್ದರೆ ಗಾಬರಿ ಬೇಡ, ಜ಼ೆಡ್ ಎಂಟರ್, ಇ ಎಂಟರ್ ಕೊಡಿ. ಮೌಸ್ ಚಕ್ರವನ್ನು ಎರಡು ಸಲ ಒತ್ತಿದರೂ ಆದೀತು. @ ಎಂದರೆ ಹಿಂದಿನ ಬಿಂದುವಿನಿಂದ ಎಣಿಸು ಎಂದರ್ಥ.

ಇಲ್ಲಿ ಹಲವರು ಎಡವುತ್ತಾರೆ: ಸೈಟಿನ ಗೆರೆಯನ್ನೇ ಗೋಡೆ ಎಂದುಕೊಂಡು ಒಳಗೆ ಒಂಬತ್ತು ಇಂಚು ಆಫ್‌ಸೆಟ್ ಮಾಡಿಬಿಡುತ್ತಾರೆ, ಅಂದರೆ ಅಷ್ಟು ದೂರದಲ್ಲಿ ಅದರದೇ ಸಮಾಂತರ ಗೆರೆ ಹಾಕಿಬಿಡುತ್ತಾರೆ. ಸೆಟ್‌ಬ್ಯಾಕ್, ಅಂದರೆ ಸೈಟಿನ ಅಂಚಿನಿಂದ ಖಾಲಿ ಬಿಡಬೇಕಾದ ಜಾಗ, ಬಿಟ್ಟ ಮೇಲಲ್ಲವೇ ಗೋಡೆ? ನಾಲ್ಕು ಕಡೆಯ ಸೆಟ್‌ಬ್ಯಾಕ್ ಒಂದೇ ಇರುವುದಿಲ್ಲ. ರೆಕ್ಟ್ಯಾಂಗಲ್ ಮಾತ್ರ ನಾಲ್ಕೂ ಬದಿ ಸೇರಿದ ಒಂದೇ ವಸ್ತು. ಆದ್ದರಿಂದ ಎಕ್ಸ್ ಎಂಟರ್ ಕೊಟ್ಟು, ಅದನ್ನು ಆರಿಸಿ ಎಂಟರ್ ಒತ್ತಿ ಬಿಡಿಸಿ. ಆಮೇಲೆ ಓ ಎಂಟರ್, 3' ಎಂಟರ್, ಪಕ್ಕದ ಗೆರೆ ಮುಟ್ಟಿ, ಒಳಗಡೆ ಕ್ಲಿಕ್ ಮಾಡಿ. ಹೀಗೆ ಒಂದೊಂದು ಬದಿಗೂ ನಿಮ್ಮ ಊರಿನ ನಿಯಮದ ಅಂತರ ಕೊಡಿ.

ಮೂಲೆಗಳಲ್ಲಿ ಗೆರೆಗಳು ಒಂದನ್ನೊಂದು ದಾಟಿ ನಿಂತಿರುತ್ತವೆ. ಎಫ್ ಎಂಟರ್, ಆರ್ ಎಂಟರ್, 0 ಎಂಟರ್ ಕೊಟ್ಟು ಎರಡು ಗೆರೆ ಮುಟ್ಟಿದರೆ ಮೂಲೆ ಚೊಕ್ಕ ಸೇರುತ್ತದೆ. ಉಳಿಯಬೇಕಾದ ಭಾಗದ ಮೇಲೆಯೇ ಕ್ಲಿಕ್ ಮಾಡಬೇಕು. ಮೂಲೆ ಸೇರಿಸುವ ಈ ಎಫ್ ಕಮಾಂಡ್, ಅಂದರೆ ಫಿಲೆಟ್, ಹಿಂದಿನ ತ್ರಿಜ್ಯವನ್ನು ನೆನಪಿಟ್ಟುಕೊಳ್ಳುತ್ತದೆ. ಎರಡನೇ ಗೆರೆ ಮುಟ್ಟುವಾಗ ಶಿಫ್ಟ್ ಹಿಡಿದರೆ ಆ ಸಲಕ್ಕೆ ಸೊನ್ನೆಯಾಗುತ್ತದೆ.

ಈಗ ಬಿಓ ಎಂಟರ್, ಪಿಕ್ ಪಾಯಿಂಟ್ಸ್ ಒತ್ತಿ ಕಟ್ಟಡದ ಜಾಗದೊಳಗೆ ಒಂದು ಕ್ಲಿಕ್, ಎಂಟರ್. ಸುತ್ತ ಮುಚ್ಚಿದ ಒಂದೇ ಪಾಲಿಲೈನ್, ಅಂದರೆ ಬದಿಗಳೆಲ್ಲ ಒಂದಾಗಿ ಜೋಡಿಸಿದ ಗೆರೆ, ಸಿಗುತ್ತದೆ. ಅದನ್ನು 9 ಆಫ್‌ಸೆಟ್ ಮಾಡಿದರೆ ನಾಲ್ಕೂ ಹೊರಗೋಡೆ ಒಂದೇ ಏಟಿಗೆ. ಒಳಗೋಡೆಗೆ 4.5. ಬಾಗಿಲಿನ ಜಾಗಕ್ಕೆ ಎರಡು ಅಡ್ಡ ಗೆರೆ ಹಾಕಿ ನಡುವಿನ ತುಂಡನ್ನು ಟ್ರಿಮ್ (ಟಿಆರ್) ಮಾಡಿ, ಅಂದರೆ ಕತ್ತರಿಸಿ ತೆಗೆಯಿರಿ. ಇಷ್ಟೂ ಹೊತ್ತು ಎಫ್3, ಅಂದರೆ ಆಬ್ಜೆಕ್ಟ್ ಸ್ನ್ಯಾಪ್, ಆನ್ ಇರಲಿ. ಕಣ್ಣಂದಾಜಿನಲ್ಲಿ ಸೇರಿಸಿದ ಗೆರೆಗಳು ಸೇರಿದಂತೆ ಕಾಣುತ್ತವೆ, ಸೇರಿರುವುದಿಲ್ಲ.

ಪ್ರಶ್ನೆ: ಒಂಬತ್ತೂವರೆ ಇಂಚು ಎಂದು 9 ಹಾಕಿ, ಜಾಗ ಬಿಟ್ಟು 1/2 ಹೊಡೆದರೆ ಗೆರೆ 9 ಇಂಚಿಗೇ ನಿಲ್ಲುತ್ತದೆ. (ಐಟಿಐ ವಿದ್ಯಾರ್ಥಿ, ಗದಗ)

ಉತ್ತರ: ಆಟೋಕ್ಯಾಡ್‌ಗೆ ಸ್ಪೇಸ್ ಬಾರ್ ಕೂಡ ಎಂಟರೇ. 9 ಆದ ಮೇಲೆ ಜಾಗ ಬಿಟ್ಟೊಡನೆ ಅಳತೆ ಮುಗಿಯಿತೆಂದು ಅದು ಮುಂದಕ್ಕೆ ಹೋಯಿತು. 9-1/2 ಎಂದು ಹೊಡೆಯಿರಿ. ಹತ್ತಡಿ ಆರೂವರೆ ಇಂಚಿಗೆ 10'6-1/2. ಅಕ್ಷರಗಳನ್ನು ಬರೆಯುವಾಗ ಮಾತ್ರ ಸ್ಪೇಸ್ ಸ್ಪೇಸಾಗಿಯೇ ಉಳಿಯುತ್ತದೆ.

ಪ್ರಶ್ನೆ: ಕಾಲೇಜಿನಲ್ಲಿ ಕಲಿತ ಟ್ರಿಮ್ ಕಚೇರಿಯ ಕಂಪ್ಯೂಟರಿನಲ್ಲಿ ನಡೆಯುತ್ತಿಲ್ಲ. ಕತ್ತರಿಸುವ ಅಂಚು ಎಂದು ಆರಿಸಿದ ಗೆರೆಯೇ ತುಂಡಾಗುತ್ತದೆ! (ಸೈಟ್ ಎಂಜಿನಿಯರ್, ಮೈಸೂರು)

ಉತ್ತರ: 2021ರ ಆವೃತ್ತಿಯಿಂದ ಟ್ರಿಮ್ ತಾನಾಗಿಯೇ ಕ್ವಿಕ್ ಮೋಡ್‌ನಲ್ಲಿರುತ್ತದೆ. ಅದರಲ್ಲಿ ಎಲ್ಲ ಗೆರೆಗಳೂ ಕತ್ತರಿಸುವ ಅಂಚುಗಳೇ, ಮುಟ್ಟಿದ್ದು ಹೋಗುತ್ತದೆ. ಹಳೆಯದೇ ಬೇಕಿದ್ದರೆ ಟ್ರಿಮ್‌ಎಕ್ಸ್‌ಟೆಂಡ್‌ಮೋಡ್ ಎಂದು ಒಂದೇ ಪದವಾಗಿ ಹೊಡೆದು 0 ಕೊಡಿ. ಆದರೆ ಹೊಸದಕ್ಕೆ ಕೈ ಕೂರಿಸಿಕೊಳ್ಳುವುದೇ ಲೇಸು. ಹಳೆಯ ಆವೃತ್ತಿಯಲ್ಲೂ ಟಿಆರ್ ಆದ ಮೇಲೆ ಎರಡು ಸಲ ಎಂಟರ್ ಒತ್ತಿದರೆ ಹೆಚ್ಚುಕಡಿಮೆ ಇದೇ ಆಗುತ್ತಿತ್ತು.

ಪ್ರಶ್ನೆ: ಚೌಕ ಎಳೆದು ಆರಿಸಿದಾಗ ಕೆಲವು ಸಲ ಪಕ್ಕದ ಗೆರೆಗಳೂ ಸೇರಿಕೊಳ್ಳುತ್ತವೆ, ಕೆಲವು ಸಲ ಬೇಕಾದ್ದೇ ಸಿಗುವುದಿಲ್ಲ. (ಓದುಗ, ಶಿರಸಿ)

ಉತ್ತರ: ಎಡದಿಂದ ಬಲಕ್ಕೆ ಎಳೆದರೆ ನೀಲಿ ಚೌಕ, ಪೂರ್ತಿ ಒಳಗಿರುವುದು ಮಾತ್ರ ಸಿಗುತ್ತದೆ. ಬಲದಿಂದ ಎಡಕ್ಕೆ ಹಸಿರು ಚೌಕ. ತುಸು ತಾಗಿದರೂ ಸಿಕ್ಕಿಬೀಳುತ್ತದೆ. ಹೆಚ್ಚಾಗಿ ಸೇರಿಕೊಂಡದ್ದನ್ನು ಶಿಫ್ಟ್ ಹಿಡಿದು ಮುಟ್ಟಿ, ಬಿಟ್ಟುಹೋಗುತ್ತದೆ.

ಪ್ರಶ್ನೆ: ಎ4 ಹಾಳೆಗೆ 1:100 ಆರಿಸಿ ಪ್ರಿಂಟ್ ಕೊಟ್ಟೆ. 30×40ರ ಪ್ಲಾನ್ ಅಕ್ಕಿಕಾಳಿನಷ್ಟು ಬಂತು. ಫಿಟ್ ಟು ಪೇಪರ್ ಕೊಟ್ಟರೆ ದೊಡ್ಡದಾಗಿ ಬರುತ್ತದೆ, ಆದರೆ ಸ್ಕೇಲ್ ಪಟ್ಟಿ ಇಟ್ಟರೆ ಅಳತೆ ತಾಳೆಯಾಗುವುದಿಲ್ಲ. (ಮನೆ ಕಟ್ಟಿಸುವ ಗುತ್ತಿಗೆದಾರರು, ತುಮಕೂರು)

ಉತ್ತರ: ಪ್ಲಾಟ್ ಕಿಟಕಿಯಲ್ಲಿ ಸ್ಕೇಲ್ ಪಕ್ಕದ ಅಳತೆ ಮಿಲಿಮೀಟರ್ ಎಂದೇ ಉಳಿದಿದೆ. ಹಾಗಿದ್ದಾಗ 1:100 ಎಂದರೆ ಹಾಳೆಯ 1 ಮಿಲಿಮೀಟರಿಗೆ ಚಿತ್ರದ 100 ಯೂನಿಟ್. ನಿಮ್ಮ ಯೂನಿಟ್ ಇಂಚು. 30 ಅಡಿ ಎಂದರೆ 360 ಯೂನಿಟ್, 40 ಅಡಿ ಎಂದರೆ 480. ಹಾಳೆಯ ಮೇಲೆ ಬಂದದ್ದು 3.6×4.8 ಮಿಲಿಮೀಟರ್. ಮೆಷೀನಿನದು ತಪ್ಪಿಲ್ಲ.

ಆ ಅಳತೆಯನ್ನು ಇಂಚಸ್‌ಗೆ ಬದಲಿಸಿ 1 ಇಂಚಿಗೆ 100 ಯೂನಿಟ್ ಎಂದು ಕೊಡಿ, ಇಲ್ಲವೇ ಮಿಲಿಮೀಟರಲ್ಲೇ ಇಟ್ಟು 25.4ಕ್ಕೆ 100 ಎಂದು ತುಂಬಿ. ಫಿಟ್ ಟು ಪೇಪರ್ ಗುರುತನ್ನು ತೆಗೆಯಲೇಬೇಕು. ಅದು ಹಾಳೆ ತುಂಬುವುದನ್ನಷ್ಟೇ ನೋಡುತ್ತದೆ. ವಾಟ್ ಟು ಪ್ಲಾಟ್‌ನಲ್ಲಿ ವಿಂಡೋ ಆರಿಸಿ, ಬೇಕಾದ ಭಾಗಕ್ಕೆ ಚೌಕ ಎಳೆಯಿರಿ. ಪ್ರಿಂಟ್ ಬಂದ ಮೇಲೆ ಮಿಲಿಮೀಟರ್ ಪಟ್ಟಿ ಇಟ್ಟು ನೋಡಿ: 30 ಅಡಿಯ ಬದಿ ಸುಮಾರು 91.4, 40 ಅಡಿಯ ಬದಿ ಸುಮಾರು 122 ಇರಬೇಕು. ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಪಿಡಿಎಫ್ ಮಾಡಿಸಿ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದೀರೇನೋ ನೋಡಿ. ಅಲ್ಲಿಯೂ ಫಿಟ್ ಎಂಬ ಆಯ್ಕೆಯೊಂದಿರುತ್ತದೆ, ಆಕ್ಚುಯಲ್ ಸೈಜ್ ಎಂದು ಹೇಳಬೇಕು.

ಅಕ್ಷರದ ಎತ್ತರಕ್ಕೂ ಇದೇ ಲೆಕ್ಕ. ಹಾಳೆಯಲ್ಲಿ 2.5 ಮಿಲಿಮೀಟರ್ ಬೇಕೆಂದರೆ 1:100ಕ್ಕೆ ಚಿತ್ರದಲ್ಲಿ ಸುಮಾರು 10 ಇಂಚು ಕೊಡಿ. ಹಳದಿ ಗೆರೆಗಳು ಮಂಕಾಗಿ ಬಂದರೆ ಪ್ಲಾಟ್ ಸ್ಟೈಲ್‌ನಲ್ಲಿ ಮೊನೊಕ್ರೋಮ್ ಆರಿಸಿ, ಎಲ್ಲವೂ ಕಪ್ಪಾಗುತ್ತದೆ. ಪರದೆಯಲ್ಲಿ ಕಂಡರೂ ಪ್ರಿಂಟ್‌ನಲ್ಲಿ ಬಾರದ ಗೆರೆಗಳಿದ್ದರೆ ಅವು ಡೆಫ್‌ಪಾಯಿಂಟ್ಸ್ ಎಂಬ ಲೇಯರ್‌ನಲ್ಲಿವೆಯೇ (ಗೆರೆಗಳನ್ನು ಗುಂಪಾಗಿಡುವ ಪದರ) ನೋಡಿ. ಆ ಲೇಯರ್ ಪ್ರಿಂಟ್ ಆಗುವುದೇ ಇಲ್ಲ.

ಪ್ರಶ್ನೆ: ಕೋಣೆಯ ಹೆಸರನ್ನು ಕನ್ನಡದಲ್ಲಿ ಬರೆದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು. (ಓದುಗರು, ಧಾರವಾಡ)

ಉತ್ತರ: ಫಾಂಟ್ ಆಟೋಕ್ಯಾಡ್‌ನದೇ ಆದ ಎಸ್‌ಎಚ್‌ಎಕ್ಸ್ ಜಾತಿಯದ್ದಾಗಿರಬೇಕು, ಸಾಮಾನ್ಯವಾಗಿ ಅವುಗಳಲ್ಲಿ ಕನ್ನಡ ಅಕ್ಷರಗಳಿರುವುದಿಲ್ಲ. ಎಸ್‌ಟಿ ಎಂಟರ್ ಕೊಟ್ಟು ತುಂಗಾ ಅಥವಾ ನಿರ್ಮಲಾ ಫಾಂಟ್ ಆರಿಸಿ. ಫೈಲನ್ನು ಬೇರೆಯವರಿಗೆ ಕೊಡುವಾಗ ಪಿಡಿಎಫ್ ಕೂಡ ಜೊತೆಗಿಡಿ, ಅವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆಯೂ ಇರಬಹುದು.

ಪ್ರಶ್ನೆ: ಓಪನ್ ಒತ್ತಿದರೆ ಫೈಲುಗಳ ಕಿಟಕಿ ಬರುತ್ತಿಲ್ಲ, ಕೆಳಗೆ ಹೆಸರು ಕೇಳುತ್ತದೆ. (ಓದುಗ, ಬಳ್ಳಾರಿ)

ಉತ್ತರ: ಫೈಲ್‌ಡಯಾ ಎಂಬ ಸೆಟ್ಟಿಂಗ್ 0 ಆಗಿದೆ. ಇಂಗ್ಲಿಷಿನಲ್ಲಿ ಎಫ್, ಐ, ಎಲ್, ಇ, ಡಿ, ಐ, ಎ ಹೊಡೆದು ಎಂಟರ್, 1 ಎಂಟರ್. ಯಾವುದಾದರೂ ಲಿಸ್ಪ್ ಅಥವಾ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ತಾನಾಗಿ ನಡೆಸುವ ಪುಟ್ಟ ಪ್ರೋಗ್ರಾಮ್) ನಡುವೆಯೇ ನಿಂತುಹೋದಾಗ ಹೀಗಾಗುವುದುಂಟು.