ಪೆಟ್ಟಿಗೆ ಮೇಲೆ ಕ್ಯಾಟ್ 6, ಒಳಗೆ ಅಲ್ಯೂಮಿನಿಯಂ

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಗೇಟಿನ ಕ್ಯಾಮೆರಾ ಹಗಲೆಲ್ಲ ಸರಿಯಾಗಿರುತ್ತದೆ. ಕತ್ತಲಾದರೆ ಆಫ್ ಆಗಿ ಆನ್ ಆಗುತ್ತಲೇ ಇರುತ್ತದೆ. ಕರೆಂಟು, ಡೇಟಾ ಎರಡೂ ಒಂದೇ ಕ್ಯಾಟ್ 6 ನೆಟ್‌ವರ್ಕ್ ಕೇಬಲ್‌ನಲ್ಲಿ, ಪಿಓಇ ಸ್ವಿಚ್‌ನಿಂದ (ಡೇಟಾ ಕೇಬಲ್‌ನಲ್ಲೇ ಕರೆಂಟೂ ಕಳಿಸುವ ಸ್ವಿಚ್) 80 ಮೀಟರ್. ಕ್ಯಾಮೆರಾ ಎರಡು ಸಲ ಬದಲಾಯಿಸಿದ್ದೇವೆ. ಈಗ ಸ್ವಿಚ್ ಬದಲಿಸಿ ಅನ್ನುತ್ತಾರೆ.

ಉತ್ತರ: ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ! ಸ್ವಿಚ್ ಹಾಗೇ ಇರಲಿ. ಮೊದಲು ಕೇಬಲ್ ತುದಿ ಕತ್ತರಿಸಿ, ಒಂದು ಎಳೆ ಸುಲಿದು, ತಂತಿಯನ್ನು ಬ್ಲೇಡಿನಲ್ಲಿ ಕೆರೆಯಿರಿ. ಕೆಂಪು ಹೋಗಿ ಬೆಳ್ಳಗೆ ಹೊಳೆಯಿತೇ? ಅದು ತಾಮ್ರವಲ್ಲ, ತಾಮ್ರದ ತೆಳು ಹೊದಿಕೆಯ ಅಲ್ಯೂಮಿನಿಯಂ. ಅಂಗಡಿಯವರು ಸಿಸಿಎ ಅನ್ನುತ್ತಾರೆ. ಅದರ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟಿಗೂ ಜಾಸ್ತಿ.

ರಾತ್ರಿ ಮಾತ್ರ ಯಾಕೆ? ಕತ್ತಲಾದರೆ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹತ್ತುತ್ತವೆ, ಕರೆಂಟು ಜಾಸ್ತಿ ಬೇಕಾಗುತ್ತದೆ. ಗೇಟು ಮುಟ್ಟುವಷ್ಟರಲ್ಲಿ ವೋಲ್ಟೇಜ್ ಕುಸಿದು ಕ್ಯಾಮೆರಾ ಸಾಯುತ್ತದೆ. ಲೋಡ್ ಇಳಿದ ಕೂಡಲೇ ಮತ್ತೆ ಎದ್ದು, ದೀಪ ಹಚ್ಚಿ, ಮತ್ತೆ ಸಾಯುತ್ತದೆ. ಬೆಳಗಾಗುವವರೆಗೂ ಇದೇ ಪಾಡು.

2003ರ ಪಿಓಇ ಸ್ಟ್ಯಾಂಡರ್ಡ್‌ನಲ್ಲೇ ಸ್ವಿಚ್ ಕಳಿಸುವುದು 15.4 ವ್ಯಾಟ್, ಕ್ಯಾಮೆರಾಗೆ ಖಾತ್ರಿ ಇರುವುದು 12.95. ಮಿಕ್ಕಿದ್ದು ದಾರಿಯ ನಷ್ಟಕ್ಕೆ ಬಿಟ್ಟ ಪಾಲು. ಆ ಲೆಕ್ಕ ತಾಮ್ರಕ್ಕೆ ಹಾಕಿದ್ದು, ಸಿಸಿಎಗೆ ಅಲ್ಲ.

‘ಟೆಸ್ಟರ್‌ನಲ್ಲಿ ಎಂಟೂ ದೀಪ ಹತ್ತಿತು ಸಾರ್’ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಡಬ್ಬಿ ತಂತಿ ತುಂಡಾಗಿಲ್ಲ ಅಂತ ಹೇಳುತ್ತದೆ, ಅಷ್ಟೇ. ಮಲ್ಟಿಮೀಟರ್ ತನ್ನಿ. ಎರಡೂ ಕಡೆ ಪ್ಲಗ್ ತೆಗೆದು, ಗೇಟಿನ ತುದಿಯಲ್ಲಿ ಒಂದು ಜೋಡಿಯ ಎರಡು ತಂತಿ ಸುಲಿದು ಹೊಸೆಯಿರಿ. ಈ ತುದಿಯಲ್ಲಿ ಅದೇ ಜೋಡಿಯನ್ನು ಅಳೆಯಿರಿ. 24 ಗೇಜ್ ದಪ್ಪದ ತಾಮ್ರವಾದರೆ 80 ಮೀಟರಿಗೆ ಸುಮಾರು 13–14 ಓಮ್. 20 ದಾಟಿದರೆ ಕೇಬಲ್ ಕಿತ್ತುಹಾಕಿ. ಕೆರೆದರೂ ಕೆಂಪಗೇ ಇದ್ದು ಅಳತೆಯೂ ಸರಿಯಿದ್ದರೆ, ಗೇಟಿನ ಕಡೆ ಪ್ಲಗ್ ನೋಡಿ. ಮಳೆನೀರು ಇಳಿದು ಪಿನ್ನುಗಳಲ್ಲಿ ಹಸಿರು ಕಟ್ಟಿರುತ್ತದೆ.

ನಾನೂ ಒಮ್ಮೆ ಮೋಸ ಹೋದವನೇ. ಕಲ್ಯಾಣ ಮಂಟಪವೊಂದಕ್ಕೆ ತಂದ 305 ಮೀಟರಿನ ಪೆಟ್ಟಿಗೆ ಒಂದೇ ಕೈಯಲ್ಲಿ ಸಲೀಸಾಗಿ ಎದ್ದಿತು. ಹಗುರ ಅಂತ ಗೊತ್ತಾಗಿಯೂ ಎಳೆಸಿದೆ. ಆಮೇಲೆ ಅಷ್ಟನ್ನೂ ಕಿತ್ತು ನನ್ನ ದುಡ್ಡಿನಲ್ಲೇ ಹೊಸದು ಹಾಕಿದೆ. ಈಗ ಬಿಲ್ಲಿನಲ್ಲಿ ‘ಶುದ್ಧ ತಾಮ್ರ’ ಅಂತ ಬರೆಸದೆ ಅಂಗಡಿ ಬಿಡುವುದಿಲ್ಲ. ನೀವು 23 ಗೇಜ್ ಕ್ಯಾಟ್ 6 ತಗೊಳ್ಳಿ, ಗೇಜ್ ನಂಬರ್ ಇಳಿದಷ್ಟೂ ತಂತಿ ದಪ್ಪ. ಬಿಸಿಲಿಗೆ ಬೀಳುವ ಕಡೆ ಕಪ್ಪು ಔಟ್‌ಡೋರ್ ಕೇಬಲ್ಲೇ ಬೇಕು. ಲೆಕ್ಕಕ್ಕೆ 100 ಮೀಟರ್ ಓಡುತ್ತದೆ. ನಾನು 80ಕ್ಕೇ ನಿಲ್ಲಿಸುತ್ತೇನೆ, ಪುಕ್ಕಲ ಅಂದರೂ ಸರಿ.

ಪ್ರಶ್ನೆ: ಸ್ವಿಚ್‌ನಲ್ಲಿ 250 ಮೀಟರ್ ಬಟನ್ ಇದೆಯಲ್ಲ?

ಉತ್ತರ: ಇದೆ. ಒತ್ತಿದರೆ ವೇಗ 10 ಎಂಬಿಪಿಎಸ್‌ಗೆ ಇಳಿಯುತ್ತದೆ. ಅದನ್ನು ಯಾರೂ ಹೇಳುವುದಿಲ್ಲ.

ಪ್ರಶ್ನೆ: ಪಿಓಇ ಪೋರ್ಟಿಗೆ ಲ್ಯಾಪ್‌ಟಾಪ್ ಹಾಕಿದರೆ ಸುಡುತ್ತದೆಯೇ?

ಉತ್ತರ: ಇಲ್ಲ, ಸ್ಟ್ಯಾಂಡರ್ಡ್ ಸ್ವಿಚ್ ಮೊದಲು ವಿಚಾರಿಸಿಯೇ ಕರೆಂಟು ಬಿಡುತ್ತದೆ. ಏನೂ ವಿಚಾರಿಸದೆ ಕೇಬಲ್‌ಗೆ ಕರೆಂಟು ತುಂಬುವ ಡಬ್ಬಿ, ಅಂದರೆ 24 ವೋಲ್ಟ್ ಪ್ಯಾಸಿವ್ ಇಂಜೆಕ್ಟರ್‌ಗೆ ಮಾತ್ರ ಹೆದರಿ.

ಪ್ರಶ್ನೆ: ಕ್ಯಾಟ್ 8 ಹಾಕಿಸಲೇ?

ಉತ್ತರ: ಅದು ಡೇಟಾ ಸೆಂಟರಿನ 30 ಮೀಟರಿಗೆ. ಗೇಟಿಗೆ ಬೇಡ.