ಮನೆ-ಮಾತು: ಓದುಗರ ಪ್ರಶ್ನೆ, ನಮ್ಮ ಉತ್ತರ
(ಈ ಸಲ: ಕೇಬಲ್ ಬಿಲ್ಲು, ಡಿಶ್ಶು, ಸೆಟ್ ಟಾಪ್ ಬಾಕ್ಸು)

ಪ್ರಶ್ನೆ: ನಮಸ್ತೆ ಮೇಡಂ. ಕೇಬಲ್‌ಗೆ ತಿಂಗಳಿಗೆ 450 ರೂಪಾಯಿ ಕೊಡ್ತಿದೀವಿ. ಯಾಕಪ್ಪಾ ಇಷ್ಟು ಅಂದ್ರೆ ದುಡ್ಡು ವಸೂಲಿಗೆ ಬರೋ ಹುಡುಗ "ಅಕ್ಕಾ ಇದು ಫುಲ್ ಪ್ಯಾಕ್, ಮುನ್ನೂರು ಚಾನೆಲ್ ಬರುತ್ತೆ, ಬಿಡಿ ಬಿಡಿಯಾಗಿ ಕೊಡೋಕೆ ಬರಲ್ಲ" ಅಂತಾನೆ. ನಮ್ಮನೇಲಿ ನೋಡೋದು ಇಷ್ಟೇ: ಅತ್ತೆಗೆ ಸಂಜೆ ಜೀ ಕನ್ನಡ, ಕಲರ್ಸ್ ಕನ್ನಡ ಸೀರಿಯಲ್ಲು, ಮಧ್ಯಾಹ್ನ ಉದಯ ಮೂವೀಸ್‌ನಲ್ಲಿ ಪಿಕ್ಚರ್ರು, ಮಗಳಿಗೆ ಚಿಂಟು, ಯಜಮಾನ್ರಿಗೆ ನ್ಯೂಸು ಮತ್ತೆ ಐಪಿಎಲ್. ಯಾವ ಪ್ಯಾಕ್ ತಗೊಂಡ್ರೆ ಒಳ್ಳೇದು?
— ಗೃಹಿಣಿ, ತುಮಕೂರು

ಉತ್ತರ: ಯಾವ ಪ್ಯಾಕ್ ಅಂತ ಆಮೇಲೆ ನೋಡೋಣ. ನೀವು ಈಗಾಗ್ಲೇ ಅರ್ಧ ಕೆಲಸ ಮುಗಿಸಿದೀರಿ, ಮನೇಲಿ ಯಾರು ಏನು ನೋಡ್ತಾರೆ ಅಂತ ಬರೆದಿದೀರಲ್ಲ, ಅದೇ ಮುಖ್ಯ. ಎಷ್ಟೋ ಜನ ಅದನ್ನ ಬಿಟ್ಟು ನೇರ ಪ್ಯಾಕ್ ಹೆಸರು ಕೇಳ್ತಾರೆ, ಅಲ್ಲೇ ದುಡ್ಡು ಹೋಗೋದು.

ಮೊದಲು ಆ ಹುಡುಗ ಹೇಳಿದ್ದು. ಬಿಡಿಯಾಗಿ ಕೊಡೋಕೆ ಬರಲ್ಲ ಅನ್ನೋದು ಸುಳ್ಳು. 2019ರ ಫೆಬ್ರವರಿ 1ರಿಂದ ಟ್ರಾಯ್‌ನ (ಫೋನು, ಟಿವಿ ಸೇವೆಗಳಿಗೆ ನಿಯಮ ಮಾಡೋ ಸರ್ಕಾರಿ ಸಂಸ್ಥೆ) ಹೊಸ ನಿಯಮ ಜಾರಿಗೆ ಬಂದಿದೆ, ಅದರ ಪ್ರಕಾರ ಪ್ರತಿ ಪೇ ಚಾನೆಲ್‌ಗೂ, ಅಂದ್ರೆ ದುಡ್ಡು ಕೊಟ್ಟು ನೋಡೋ ಚಾನೆಲ್‌ಗೂ, ಬಿಡಿ ರೇಟು ಇರ್ಲೇಬೇಕು, ಗಿರಾಕಿ ಕೇಳಿದ್ರೆ ಬಿಡಿಯಾಗಿ ಕೊಡ್ಲೇಬೇಕು. ಅವನ ತಪ್ಪೇನಿಲ್ಲ ಬಿಡಿ, ಆಫೀಸಲ್ಲಿ ಹೇಳಿಕೊಟ್ಟಿದ್ದನ್ನ ಹೇಳಿರ್ತಾನೆ. ಅವನ ಹತ್ರ ಜಗಳ ಆಡೋ ಬದಲು ಬಾಕ್ಸ್ ನಂಬರ್ ಇಟ್ಕೊಂಡು ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ದೂರಿನ ನಂಬರ್ ಕೇಳಿ ಬರ್ಕೊಳ್ಳಿ.

ಈಗ ಬಿಲ್ಲು. ಅದರಲ್ಲಿ ಇರೋದು ಮೂರೇ. ಒಂದು ಎನ್‌ಸಿಎಫ್, ಅಂದ್ರೆ ನಿಮ್ಮನೆ ತನಕ ವೈರ್ ಎಳೆದು ಸಿಗ್ನಲ್ ತರೋ ಬಾಡಿಗೆ ಅನ್ಕೊಳ್ಳಿ, ನೀವು ಒಂದೂ ಪೇ ಚಾನೆಲ್ ಹಾಕಿಸ್ಕೊಳ್ದೆ ಇದ್ರೂ ಇದು ಕಟ್ಲೇಬೇಕು. ಎರಡು, ಪೇ ಚಾನೆಲ್‌ಗಳ ದುಡ್ಡು. ಮೂರು, ಎರಡರ ಮೇಲೂ 18% ಜಿಎಸ್‌ಟಿ. 2019ರಲ್ಲಿ ಎನ್‌ಸಿಎಫ್ 100 ಚಾನೆಲ್‌ಗೆ 130 ರೂಪಾಯಿ ದಾಟಬಾರದು ಅಂತ ಇತ್ತು, 2020ರಲ್ಲಿ ಅದೇ 130ಕ್ಕೆ 200 ಚಾನೆಲ್ ಕೊಡ್ಬೇಕು ಅಂತ ಮಾಡಿದ್ರು, ಜನಕ್ಕೆ ಅನುಕೂಲ ಆಗಿತ್ತು. 2024ರ ಜುಲೈನಲ್ಲಿ ಆ ಮಿತೀನೇ ತೆಗೆದುಬಿಟ್ರು, ಈಗ ಎಷ್ಟು ಅಂತ ಆಪರೇಟರ್ರೇ ಇಡಬಹುದು, ಆದ್ರೆ ಎಷ್ಟು ಅಂತ ಬಹಿರಂಗವಾಗಿ ಹೇಳ್ಬೇಕು. ಅದಕ್ಕೇ ನಾನು ಹೇಳೋದು, ಪ್ಯಾಕ್ ರೇಟ್ ಕೇಳೋಕಿಂತ ಮುಂಚೆ "ನಿಮ್ಮ ಎನ್‌ಸಿಎಫ್ ಎಷ್ಟು?" ಅಂತ ಕೇಳಿ. ಈ ಒಂದು ಪ್ರಶ್ನೆ ಕೇಳಿದ್ರೆ ಸಾಕು, ಇವರಿಗೆ ಲೆಕ್ಕ ಗೊತ್ತಿದೆ ಅಂತ ಅವರಿಗೂ ಗೊತ್ತಾಗುತ್ತೆ.

ನಿಮ್ಮನೆ ಲೆಕ್ಕ ನೋಡೋಣ. ಬೊಕೆ ಅಂದ್ರೆ ಹಲವು ಚಾನೆಲ್ ಸೇರಿಸಿ ಕಟ್ಟಿದ ಪ್ಯಾಕು, ಅದರೊಳಗೆ ಸೇರಿಸೋ ಚಾನೆಲ್‌ನ ಬಿಡಿ ರೇಟು 19 ರೂಪಾಯಿ ಮೀರಬಾರದು ಅಂತ ನಿಯಮ ಇದೆ. ಹಾಗಾಗಿ ಜೀ ಕನ್ನಡ, ಕಲರ್ಸ್ ಕನ್ನಡ, ಉದಯ ಮೂವೀಸ್, ಚಿಂಟು ನಾಲ್ಕಕ್ಕೂ ತಲಾ 19 ಅಂತಲೇ ಜಾಸ್ತಿ ಹಿಡಿಯೋಣ, 76 ಆಯ್ತು. ಎನ್‌ಸಿಎಫ್ ಹಳೇ 130 ಅಂತ ಇಟ್ಕೊಂಡ್ರೆ 206, ಜಿಎಸ್‌ಟಿ ಸೇರಿ ಹತ್ತಿರ ಹತ್ತಿರ 243 ರೂಪಾಯಿ. ನೀವು ಕೊಡ್ತಿರೋದು 450! ನ್ಯೂಸ್ ಚಿಂತೆ ಬೇಡ, ಕನ್ನಡ ನ್ಯೂಸ್ ಚಾನೆಲ್ ಹೆಚ್ಚಿನವು ಫ್ರೀ ಟು ಏರ್, ಅಂದ್ರೆ ಚಾನೆಲ್‌ಗೆ ಅಂತ ಬೇರೆ ದುಡ್ಡಿಲ್ಲ, ಎನ್‌ಸಿಎಫ್ ದುಡ್ಡಲ್ಲೇ ಬರುತ್ವೆ. ಚಂದನ ಸೇರಿ ದೂರದರ್ಶನದ ಚಾನೆಲ್‌ಗಳೂ ಬರ್ಲೇಬೇಕು.

ಬೊಕೆ ತಗೋಬೇಡಿ ಅಂತ ನಾನು ಹೇಳ್ತಿಲ್ಲ, ಅದು ಗಮನಿಸಿ. ಉದಯ ಮೂವೀಸೂ ಚಿಂಟೂ ಒಂದೇ ಸನ್ ಗ್ರೂಪಿಂದು, ಉದಯ ಟಿವಿ, ಉದಯ ಕಾಮಿಡಿ ಕೂಡ ಅದರದ್ದೇ. ಒಂದೇ ಗ್ರೂಪಿನ ಎರಡು ಮೂರು ಚಾನೆಲ್ ದಿನಾ ನೋಡೋರಿಗೆ ಆ ಗ್ರೂಪಿನ ಸಣ್ಣ ಕನ್ನಡ ಬೊಕೆ ಬಿಡಿ ರೇಟಿಗಿಂತ ಅಗ್ಗ ಬೀಳೋದು ಜಾಸ್ತಿ. ಅದನ್ನ ಒಂದು ಬೊಕೆಯಾಗಿ ತಗೊಂಡು, ಜೀ ಕನ್ನಡ ಕಲರ್ಸ್ ಕನ್ನಡ ಬಿಡಿಯಾಗಿ ಹಾಕಿಸಿ ನೋಡಿ. ಸ್ಟಾರು ಮತ್ತೆ ಕಲರ್ಸು 2024ರ ನವೆಂಬರ್‌ನಲ್ಲಿ ಒಂದೇ ಕಂಪನಿ ಕೈಗೆ ಬಂದ್ವು, ಅದಕ್ಕೆ ಯಾರೋ ಎರಡು ಮೂರು ವರ್ಷದ ಹಿಂದೆ ವಾಟ್ಸಾಪಲ್ಲಿ ಕಳಿಸಿದ ಲಿಸ್ಟ್ ಇಟ್ಕೊಂಡು ಲೆಕ್ಕ ಹಾಕ್ಬೇಡಿ, ಈಗಿನ ಲಿಸ್ಟೇ ಕೇಳಿ.

ಐಪಿಎಲ್ ಎರಡು ತಿಂಗಳ ಹಬ್ಬ. ಆಗ ಸ್ಟಾರ್ ಸ್ಪೋರ್ಟ್ಸ್ ಕನ್ನಡ ಒಂದು ಹಾಕಿಸಿ, ಫೈನಲ್ ಮುಗಿದ್ಮೇಲೆ ಮುಂದಿನ ರೀಚಾರ್ಜ್‌ಗೆ ಮುಂಚೆ ತೆಗೆಸಿ. ವರ್ಷಪೂರ್ತಿ ಸ್ಪೋರ್ಟ್ಸ್ ಪ್ಯಾಕ್ ಯಾಕೆ? ಇನ್ನೊಂದು ಮಾತು, ಎಚ್‌ಡಿ ಪ್ಯಾಕ್ ಅಂತ ಹಾಕಿದಾರಾ ನೋಡಿ, ಬಾಕ್ಸ್ ಹಳೇ ಎಸ್‌ಡಿ ಬಾಕ್ಸ್ ಆಗಿದ್ರೆ ಎಚ್‌ಡಿ ಚಾನೆಲ್ ಅದರಲ್ಲಿ ಬರೋದೇ ಇಲ್ಲ, ದುಡ್ಡು ಮಾತ್ರ ಹೋಗ್ತಿರುತ್ತೆ. ಮತ್ತೆ ದಯವಿಟ್ಟು ಏನನ್ನಾದ್ರೂ ತೆಗೆಸೋಕೆ ಮುಂಚೆ ಅತ್ತೆಯವರನ್ನ ಒಂದು ಮಾತು ಕೇಳಿ. ಇಡೀ ದಿನ ಮನೇಲಿರೋ ಹಿರಿಯರಿಗೆ ಆ ಎರಡು ಸೀರಿಯಲ್ ಎಷ್ಟು ದೊಡ್ಡ ಜೊತೆ ಅಂತ ಹೊರಗೆ ಓಡಾಡೋ ನಮಗೆ ಅಷ್ಟು ಬೇಗ ಗೊತ್ತಾಗಲ್ಲ, ಉಳಿತಾಯ ಅಂತ ಹೇಳಿ ಅವರದ್ದನ್ನೇ ಮೊದಲು ಕತ್ತರಿಸೋದು ನನಗೆ ಸರಿ ಕಾಣಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಡಿಶ್ ಟಿವಿ ಪೂರ್ತಿ ಕೈ ಕೊಡುತ್ತೆ, ಸ್ವಲ್ಪ ಜೋರು ಮಳೆ ಬಂದ್ರೂ ನೋ ಸಿಗ್ನಲ್. ಊರಿಗೆ ಕೇಬಲ್ ಬಂದಿದೆ, ಬದಲಾಯಿಸೋದಾ? ಇಲ್ಲಾ ತಿಂಗಳ ದುಡ್ಡೇ ಇಲ್ಲದ ಡಿಡಿ ಫ್ರೀ ಡಿಶ್ ಹಾಕಿಸೋದಾ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮಳೆ ಹನಿ ಡಿಶ್ ಸಿಗ್ನಲ್‌ನ ಹೀರ್ಕೊಳ್ಳುತ್ತೆ, ಮಲೆನಾಡಲ್ಲಿ ಇದು ಯಾವ ಕಂಪನಿ ಡಿಶ್ ಆದ್ರೂ ಇದ್ದಿದ್ದೇ. ಆದ್ರೆ ಸ್ವಲ್ಪ ಮಳೆಗೇ ಹೋಗುತ್ತೆ ಅಂದ್ರೆ ಸೆಟ್ಟಿಂಗೇ ಸರಿ ಇಲ್ಲ ಅಂತ ಅರ್ಥ. ನಮ್ಮ ಕಡೆಯಿಂದ ಈ ಸ್ಯಾಟಲೈಟ್‌ಗಳು ಹೆಚ್ಚುಕಮ್ಮಿ ಆಗ್ನೇಯ ದಿಕ್ಕಲ್ಲಿ ಇರುತ್ವೆ, ಡಿಶ್ ಹಾಕಿದಾಗ ಸಣ್ಣದಿದ್ದ ಹಲಸಿನ ಕೊಂಬೆಯೋ ಅಡಿಕೆ ಸೋಗೆಯೋ ಈಗ ಅಡ್ಡ ಬಂದಿದೆಯಾ ನೋಡಿ. ಎಲ್‌ಎನ್‌ಬಿ (ಡಿಶ್ ಮುಂದೆ ಇರೋ, ಸಿಗ್ನಲ್ ಹಿಡಿಯೋ ಸಣ್ಣ ಡಬ್ಬಿ) ಹತ್ರ ವೈರ್ ಜಾಯಿಂಟ್‌ಗೆ ನೀರು ಇಳಿದಿದ್ರೂ ಹೀಗೇ ಆಗುತ್ತೆ. ಮಳೆ ಶುರುವಾಗೋ ಮುಂಚೆ ಇವೆರಡು ಸರಿ ಮಾಡಿಸಿ, ಆಮೇಲೆ ಬದಲಾಯಿಸೋ ಮಾತು.

ಕೇಬಲ್‌ನವರು ದೊಡ್ಡ ಡಿಶ್‌ನಲ್ಲಿ ಬೇರೆ ಬ್ಯಾಂಡಿನ ಸಿಗ್ನಲ್ ತಗೋತಾರೆ, ಮಳೆ ಅದಕ್ಕೆ ಅಷ್ಟಾಗಿ ತಟ್ಟಲ್ಲ. ಆದ್ರೆ ಮರ ಬಿದ್ದು ಲೈನ್ ತುಂಡಾದ್ರೆ, ದಾರೀಲಿರೋ ಆಂಪ್ಲಿಫೈಯರ್‌ಗೆ ಕರೆಂಟ್ ಇಲ್ದೆ ಹೋದ್ರೆ, ನಿಮ್ಮನೇಲಿ ಯುಪಿಎಸ್ ಇದ್ರೂ ಟಿವಿ ಬರಲ್ಲ. ಒಂಟಿ ಮನೆ, ತೋಟದ ಮಧ್ಯೆ ಉದ್ದ ಲೈನ್ ಎಳೀಬೇಕು ಅಂದ್ರೆ ನಾನಂತೂ ಡಿಶ್ಶೇ ಇಟ್ಕೊಳ್ಳಿ ಅಂತೀನಿ. ಮನೆ ರಸ್ತೆ ಪಕ್ಕ, ಅಕ್ಕಪಕ್ಕದೋರೂ ಕೇಬಲ್ ಹಾಕ್ಸಿದಾರೆ ಅಂದ್ರೆ ಹೋದ ಮಳೆಗಾಲದಲ್ಲಿ ಎಷ್ಟು ದಿನ ನಿಂತಿತ್ತು ಅಂತ ಅವರನ್ನೇ ಕೇಳಿ.

ಫ್ರೀ ಡಿಶ್ 2004ರ ಡಿಸೆಂಬರ್‌ನಿಂದ ಇದೆ, ಬಾಕ್ಸು ಡಿಶ್ಶಿಗೆ ಒಂದ್ಸಲ ಕೊಟ್ರೆ ಮುಗೀತು. ಆದ್ರೆ ಅದರಲ್ಲಿ ಹಿಂದಿ ಜಾಸ್ತಿ, ಕನ್ನಡ ಕಮ್ಮಿ, ಚಂದನ ಸಿಗುತ್ತೆ. ಕ್ರಿಕೆಟ್ ಹುಚ್ಚಿದ್ರೆ ಮಾತ್ರ ಒಂದು ಲಾಭ ಇದೆ: ಭಾರತ ಆಡೋ ಮುಖ್ಯ ಮ್ಯಾಚ್‌ಗಳ ಸಿಗ್ನಲ್‌ನ ದೂರದರ್ಶನಕ್ಕೆ ಹಂಚ್ಕೋಬೇಕು ಅಂತ 2007ರ ಕಾಯ್ದೆ ಇದೆ, ಅದನ್ನ ದೂರದರ್ಶನ ತನ್ನ ಸ್ವಂತ ನೆಟ್‌ವರ್ಕ್ ಮತ್ತೆ ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್‌ಗೆ ಕೊಡೋಹಾಗಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಬಲ್ ಮನೇಲಿ ಡಿಡಿ ಹಾಕಿದ್ರೆ ಮ್ಯಾಚ್ ಬದಲು ಬೇರೇನೋ ಬರೋದು ಇದಕ್ಕೇ.

ಪ್ರಶ್ನೆ: ಹುಬ್ಬಳ್ಳಿಯೊಳಗ ಬಾಡಿಗಿ ಮನಿ ಬದ್ಲಿ ಮಾಡಾಕತ್ತೇವ್ರಿ. ಕೇಬಲ್ ಬಾಕ್ಸ್ ರೊಕ್ಕಾ ಕೊಟ್ಟು ತಗೊಂಡೇವಿ, ಹೊಸಾ ಓಣ್ಯಾಗ ಬೇರೆ ಕೇಬಲ್‌ನವ್ರು ಅದಾರು, ಅದ ಬಾಕ್ಸ್ ನಡಿತೈತ್ರಿ?
— ಶಿಕ್ಷಕರು, ಹುಬ್ಬಳ್ಳಿ

ಉತ್ತರ: ಕೇಬಲ್‌ನವರು ಬೇರೆ ಆದ್ರೂ ಹಿಂದೆ ಸಿಗ್ನಲ್ ಕೊಡೋ ದೊಡ್ಡ ಕಂಪನಿ ಒಂದೇ ಇರಬಹುದು, ಬಾಕ್ಸ್ ಮೇಲಿರೋ ಹೆಸರು ನೋಡಿ ಅವರನ್ನ ಕೇಳಿ, ಒಂದೇ ಆಗಿದ್ರೆ ಬಾಕ್ಸ್ ವರ್ಗಾವಣೆ ಮಾಡಿಕೊಡಿ ಅಂತ ಕೇಳಬಹುದು. ಕಂಪನೀನೇ ಬೇರೆ ಅಂದ್ರೆ ನಡಿಯಲ್ಲ, ಒಬ್ಬರ ಬಾಕ್ಸ್ ಇನ್ನೊಬ್ಬರ ಸಿಗ್ನಲ್ ತೆರೆಯಲ್ಲ. ಹಳೇ ಕನೆಕ್ಷನ್ ಬಂದ್ ಮಾಡಿ ಅಂತ ಮಾತಲ್ಲಿ ಹೇಳಿ ಬರಬೇಡಿ, ಮೆಸೇಜೋ ಚೀಟಿಯೋ ಬರಹದಲ್ಲಿ ಕೊಡಿ, ಡಿಪಾಸಿಟ್ ಕಟ್ಟಿದ್ರೆ ರಸೀದಿ ಹುಡುಕಿ ವಾಪಸ್ ಕೇಳಿ.